ಗಾಳಿ ನೋಡುವ ಹತ್ತಿ

ಕ್ಯಾಮೆರಾ ಚೀಲದ ಪಕ್ಕದ ಜೇಬಿನಲ್ಲಿ ಹಳೆಯ ಬ್ಯಾಟರಿ ಹುಡುಕುತ್ತಿದ್ದಾಗ ಸುಣ್ಣದ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಸುಣ್ಣವಿಲ್ಲ, ಬೂರುಗದ ಹತ್ತಿ. ಫ್ಯಾನಿನ ಗಾಳಿಗೆ ಒಂದು ಎಳೆ ಮೇಲೆದ್ದು, ಹಳಿಯಾಳದ ನನ್ನ ಪುಟ್ಟ ಸ್ಟುಡಿಯೋವನ್ನೆಲ್ಲ ಸುತ್ತಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮದುವೆ ಆಲ್ಬಮ್ಮಿನಲ್ಲಿ ಮದುಮಗಳ ಮೂಗಿನ ಮೇಲೆ ಕೂತಿತು. ಎದುರಿಗೆ ನಿಂತಿದ್ದ ಹುಡುಗಿಯ ತಂದೆ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆ ದಿನವೆಲ್ಲ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ...

ಡಬ್ಬಿ ಕೊಟ್ಟವರು ದಾಂಡೇಲಿ ಹತ್ತಿರದ ಕೋಗಿಲಬನದ ಚಾಚಾ. ಕಾಗದದ ಮಿಲ್ಲಿಗೆ ಬಿದಿರು ತರಿಸುವ ಕೆಲಸದಲ್ಲಿ ಅರ್ಧ ಆಯುಷ್ಯವನ್ನು ಕಾಡಿನಲ್ಲೇ ಕಳೆದವರು. ನಿವೃತ್ತರಾದ ಮೇಲೆ ಒಮ್ಮೆ ಹಳಿಯಾಳದ ನೆಂಟರ ಮನೆಗೆ ಬಂದಾಗ, ಪಿಂಚಣಿ ಕಾಗದಕ್ಕೆ ಫೋಟೋ ಬೇಕೆಂದು ನನ್ನಲ್ಲಿಗೆ ಬಂದಿದ್ದರು. ಕ್ಯಾಮೆರಾ ನೋಡಿ ಎಂದರೆ ಗೋಡೆ ನೋಡಿದರು. ಕಣ್ಣಿನ ನರ ಒಣಗುತ್ತಿದೆ, ಇದ್ದಷ್ಟು ದಿನ ಇರುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಅದನ್ನು ಅವರು ಮಳೆ ಬರಬಹುದು ಎನ್ನುವಷ್ಟೇ ಸಹಜವಾಗಿ ಹೇಳಿದರು.

ಗೋಡೆಯ ಮೇಲಿದ್ದ ನವಿಲಿನ ಫೋಟೋ ನಾನೇ ತೆಗೆದದ್ದು ಎಂದು ತಿಳಿದ ಮೇಲೆ ಚಾಚಾ ಕುರ್ಚಿ ಬಿಟ್ಟು ಏಳಲಿಲ್ಲ. "ನಮ್ಮೂರ ಗದ್ದಿಗೆ ಸಂಜಿಮುಂದ ಒಂದು ಗಂಡು ಕಡವಿ ಬರ್ತೈತಿ. ಮರಿ ಇದ್ದಾಗಿಂದ ಬಲ್ಲೆ ಅದನ್ನ. ಈಗ ಕೊಂಬು ಭಾರಿ ಬೆಳದಾವಂತ, ಮಂದಿ ಹೇಳ್ತಾರ. ನನಗ ಬರೇ ನೆರಳು ಕಾಣ್ತೈತಿ. ಕೊಂಬಿಗೆ ಎಷ್ಟು ಕವಲು ಒಡದಾವು, ಅದೊಂದು ತಿಳೀಬೇಕಾಗೇತಿ ನೋಡ್ರಿ. ಪೂರಾ ಕಣ್ಣು ಹೋಗೂದ್ರಾಗ."

ನನಗೂ ಬೇಕಾಗಿದ್ದದ್ದು ಅದೇ. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಬೇಸತ್ತಿದ್ದೆ. ಕೊಂಬೆತ್ತಿ ನಿಂತ ಒಂದು ಕಡವೆಯ ಫೋಟೋ ಸ್ಟುಡಿಯೋ ಬಾಗಿಲ ಮೇಲೆ ತೂಗಬೇಕು ಎನ್ನುವ ಹುಚ್ಚು ಹತ್ತಿತ್ತು. ಕೋವಿಯ ಬೇಟೆ ಎಂದೋ ಮುಗಿದ ಕಥೆ. ನನ್ನದು ಕ್ಯಾಮೆರಾದ ಬೇಟೆ, ಅದೂ ಮೊದಲನೆಯದು. ಗೈಡ್ ಇದ್ದ ಸಫಾರಿ ಜೀಪಿನಲ್ಲಿ ಎರಡು ಸಲ ಹೋಗಿ, ಮುಂದೆ ಕೂತವರ ಕುತ್ತಿಗೆಯನ್ನಷ್ಟೇ ನೋಡಿ ಬಂದಿದ್ದೆ. ಇನ್ನು ಉಳಿದದ್ದು ಎರಡೇ ದಾರಿ: ಚಾಚಾನ ಜೊತೆ ಹೋಗುವುದು, ಇಲ್ಲವೇ ಒಬ್ಬನೇ ಹೋಗುವುದು. ಆ ಗದ್ದೆ ಕಾಡಿನಂಚಿಗಿದ್ದರೂ ಊರವರದೇ. ಯಜಮಾನರು ಬದುವಿನ ಮೇಲೆ ಕೂರಲು ಒಪ್ಪಿದ್ದರು.

ಮೊದಲ ಎರಡು ಸಂಜೆ ಚಾಚಾನ ಜೊತೆಗೇ ಹೋದೆ. ಅವರ ಕಟ್ಟಳೆಗಳು ಒಂದೇ ಎರಡೇ. ಆ ದಿನ ಸೋಪು ಹಚ್ಚಿ ಸ್ನಾನ ಮಾಡಬಾರದು. ಕೀಲಿಕೈ ಗೊಂಚಲು ಮನೆಯಲ್ಲೇ ಬಿಡಬೇಕು. ಎಲ್ಲಕ್ಕಿಂತ ದೊಡ್ಡದು ಗಾಳಿ. ಹಗಲೆಲ್ಲ ಹೊಳೆಯ ಕಡೆಯಿಂದ ಕಾಡಿನತ್ತ ಬೀಸಿ ನಮ್ಮ ವಾಸನೆ ಒಯ್ಯುವ ಗಾಳಿ, ಬಿಸಿಲು ಇಳಿದ ಮೇಲೆ ತಿರುಗಿ ಗುಡ್ಡದಿಂದ ಹೊಳೆಗೆ ಇಳಿಯುತ್ತದೆ. ಅದು ತಿರುಗುವ ತನಕ ಗದ್ದೆಗೆ ಕಾಲಿಡುವಂತಿಲ್ಲ. ಅಂಗಳದಲ್ಲಿ ಕೂತು ಡಬ್ಬಿಯಿಂದ ಹತ್ತಿಯ ಎಳೆ ತೆಗೆದು ಹಾರಿಬಿಡುತ್ತಿದ್ದರು. ಯಾವ ಕಡೆ ಹೋಯಿತೆಂದು ನಾನು ಹೇಳಬೇಕು. "ಇನ್ನೂ ಕಾಡಿನ ಕಡೇನ ಹೊಂಟೈತೇನು? ಹಂಗಾರ ಇನ್ನೊಂದು ಚಾ ಕುಡೀರಿ."

ನನ್ನ ಹೊಟ್ಟೆ ಚಹಾದಿಂದಲೇ ತುಂಬುತ್ತಿತ್ತು. ಹೊರಡಲು ತುದಿಗಾಲಲ್ಲಿ ನಿಂತಿರುತ್ತಿದ್ದೆ.

ಬದುವಿನ ಮೇಲೆ ಕೂತರೆ ಮಾತು ಬಂದ್. ಚಾಚಾ ಎರಡೂ ಅಂಗೈಗಳನ್ನು ಬಿಚ್ಚಿ ನನ್ನ ಪಕ್ಕಕ್ಕೆ ಇಡುತ್ತಿದ್ದರು. ಕಡವೆ ಕಂಡರೆ ಎಡಗೊಂಬಿನ ಕವಲುಗಳನ್ನು ಅವರ ಎಡ ಅಂಗೈಗೆ, ಬಲಗೊಂಬಿನವನ್ನು ಬಲ ಅಂಗೈಗೆ ಬೆರಳಿನಿಂದ ಒತ್ತಿ ಹೇಳಬೇಕು. ಬಿದಿರು ಕಡಿಯುವ ಕಾಲದಲ್ಲಿ ಆನೆ ಹತ್ತಿರ ಬಂದಾಗ ಹೀಗೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರಂತೆ. ಎರಡು ಸಂಜೆಯೂ ಕಡವೆ ಬರಲಿಲ್ಲ. ಆ ಅಂಗೈಗಳು ತಾಸುಗಟ್ಟಲೆ ಖಾಲಿ ಬಿದ್ದಿದ್ದವು. ನನಗೋ ಒಳಗೊಳಗೇ ಸಿಡಿಮಿಡಿ. ದಾರಿ ತೋರಿಸುವವರಿಗೇ ದಾರಿ ಕಾಣದಿದ್ದರೆ ಜೊತೆ ಯಾಕೆ ಬೇಕು, ಎಂದುಕೊಂಡೆ. ಹಾಗೆ ಅಂದುಕೊಂಡೆ ಎಂದು ಬರೆಯಲು ಇವತ್ತು ನಾಚಿಕೆಯಾಗುತ್ತದೆ.

ಹೋಳಿ ಹುಣ್ಣಿಮೆ ಹತ್ತಿರ ಬರುತ್ತಿತ್ತು. ಬೇಸಿಗೆ ಏರಿದರೆ ಕಡವೆಯ ಕೊಂಬುಗಳು ಉದುರುತ್ತವೆ, ಆಮೇಲೆ ಮತ್ತೆ ಬೆಳೆಯುವ ತನಕ ಕಾಯಬೇಕು. ದಾಂಡೇಲಿಯಲ್ಲಿ ಒಂದು ಮದುವೆ ಮೂರು ಗಂಟೆಗೆಲ್ಲ ಮುಗಿಯಿತು. ಅಲ್ಲಿಂದ ಬೈಕು ಸೀದಾ ಕೋಗಿಲಬನಕ್ಕೆ ಹೋಯಿತು; ಚಾಚಾನ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ. ಅಂಗಳದಲ್ಲಿ ಅವರು ಕೂತಿದ್ದರು. ಸದ್ದಿಗೆ ತಲೆ ಎತ್ತಿದರು. ನಾನು ಹಾದುಹೋದೆ.

ಬಿಸಿಲು ಇನ್ನೂ ಇತ್ತು, ಗಾಳಿ ಹೊಳೆಯ ಕಡೆಯಿಂದ ನನ್ನ ಬೆನ್ನಿಗೆ ಬೀಸುತ್ತಿತ್ತು. ಅಂಗಿಗೆ ಮದುವೆ ಮನೆಯವರು ಹಚ್ಚಿದ ಅತ್ತರು ಬೇರೆ. ಆದರೂ ಅದು ಬಂತು. ಕಾಡಿನಂಚಿನ ಪೊದೆ ಸರಿಯಿತು, ಒಂದು ಕಿವಿ ಕಂಡಿತು, ಕ್ಯಾಮೆರಾ ಎತ್ತಿದೆ. ಅಷ್ಟರಲ್ಲಿ ಢಾಂಕ್ ಎಂದು ಅದರ ಬೆದರಿದ ಕೂಗು, ನೆಲಕ್ಕೆ ಗೊರಸು ಬಡಿದ ಸದ್ದು. ನಾನು ಗುಂಡಿ ಒತ್ತುತ್ತಲೇ ಇದ್ದೆ. ಆಮೇಲೆ ನೋಡಿದರೆ ಹದಿನೇಳು ಫೋಟೋಗಳಲ್ಲೂ ಅಲುಗಾಡುವ ಹುಲ್ಲು, ಒಂದರಲ್ಲಿ ಮಾತ್ರ ಬಾಲ.

ವಾಪಸು ಬರುವಾಗ ಚಾಚಾ ದಾರಿಗೇ ಬಂದು ನಿಂತಿದ್ದರು. ಕೂಗು ಅವರಿಗೂ ಕೇಳಿಸಿತ್ತು. ಬೈಯಲಿಲ್ಲ. "ಸಿಕ್ಕಿತೇನ್ರಿ?" ಎಂದರು.

"ಸಿಕ್ತು ಚಾಚಾ," ಎಂದೆ. ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ಕ್ಯಾಮೆರಾ ಇಸಿದುಕೊಂಡು ಕಣ್ಣ ಹತ್ತಿರ ತಂದರು, ದೂರ ಹಿಡಿದರು, ತಿರುಗಿ ಕೊಟ್ಟರು. ಆಮೇಲೆ ಎರಡೂ ಅಂಗೈ ಮುಂದೆ ಚಾಚಿದರು. ನಾನು ಎಡಕ್ಕೆ ಮೂರು ಸಲ ಒತ್ತಿದೆ. ಬಲಕ್ಕೆ ಮೂರು ಸಲ ಒತ್ತಿದೆ. ಕಡವೆಯ ಕೊಂಬಿಗೆ ಸಾಮಾನ್ಯವಾಗಿ ಇರುವುದೇ ಅಷ್ಟು, ಯಾರಾದರೂ ಹೇಳಬಹುದಾದ ಲೆಕ್ಕ. ಅವರು ಅಂಗೈ ಮುಚ್ಚಿಕೊಂಡರು. ಮುಖದಲ್ಲಿ ಎಂಥದೋ ಬೆಳಕು ಬಂದಿತ್ತು.

"ಗಾಳಿ ಯಾವ ಕಡೆ ಇತ್ತು?"

"ಹೊಳಿ ಕಡಿಂದ ಬೀಸ್ತಿತ್ರಿ," ಎಂದೆ. ಅದಾದರೂ ನಿಜ ಇರಲಿ ಎನಿಸಿತೋ ಏನೋ.

ಚಾಚಾ ಹೊಳೆಯ ಕಡೆ ಮುಖ ತಿರುಗಿಸಿದರು. "ಹೌದೇನು," ಎಂದರು. ಜೇಬಿನಿಂದ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. "ಇದನ್ನ ಇಟಗೋರಿ. ಇನ್ನ ನನಗ ಬ್ಯಾಡ."

ಹಳಿಯಾಳದ ದಾರಿ ಅರ್ಧ ಮುಗಿದಾಗ ಹೊಳೆಯಿತು. ಆ ಗಾಳಿಯಲ್ಲಿ ಯಾವ ಕಡವೆಯೂ ಕವಲು ಎಣಿಸುವಷ್ಟು ಹೊತ್ತು ನಿಲ್ಲುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿರುಗಿ ಹೋಗಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ನಾಳೆ ಒಂದು ಮದುವೆ ಇತ್ತು, ಮರುದಿನ ಇನ್ನೊಂದು... ಆ ಕಡವೆ ಆ ವರ್ಷ ಮತ್ತೆ ಗದ್ದೆಗೆ ಬರಲಿಲ್ಲವಂತೆ. ಮಳೆಗಾಲದ ಹೊತ್ತಿಗೆ ಚಾಚಾ ಗೋಡೆ ಹಿಡಿದು ನಡೆಯುತ್ತಿದ್ದರು, ಮಳೆಗಾಲ ಮುಗಿಯುವಷ್ಟರಲ್ಲಿ ಇರಲಿಲ್ಲ. ಸುದ್ದಿ ನನಗೆ ತಿಳಿದದ್ದು ಮಣ್ಣಾಗಿ ವಾರವಾದ ಮೇಲೆ, ದಾಂಡೇಲಿಯ ಒಂದು ಚಹಾದಂಗಡಿಯಲ್ಲಿ.

ಕೆಲವು ವರ್ಷಗಳ ಮೇಲೆ ಚೀಲದಲ್ಲಿ ಆ ಡಬ್ಬಿ ಸಿಕ್ಕಿತಲ್ಲ, ಅದರ ಮೂರನೆಯ ದಿನ ಸ್ಟುಡಿಯೋ ಮುಚ್ಚಿ ಕೋಗಿಲಬನಕ್ಕೆ ಹೋದೆ. ಸೋಪು ಹಚ್ಚಿರಲಿಲ್ಲ. ಊರಂಚಿನ ಮರದ ಕೆಳಗೆ ಕೂತು ಹತ್ತಿ ಹಾರಿಬಿಟ್ಟೆ. ಕಾಡಿನ ಕಡೆ ಹೋಯಿತು. ಕಾದೆ. ಮತ್ತೆ ಬಿಟ್ಟೆ. ನಾಲ್ಕನೆಯ ಎಳೆ ಹೊಳೆಯ ಕಡೆ ತೇಲಿದ ಮೇಲೆ ಎದ್ದು ಹೋಗಿ ಬದುವಿನ ಮೇಲೆ ಕೂತೆ.

ಬೆಳಕು ಹಳದಿಯಾಗುತ್ತಿದ್ದಾಗ ಒಂದು ಗಂಡು ಕಡವೆ ಹೊರಗೆ ಬಂತು. ಅದೇ ಹೌದೋ ಅಲ್ಲವೋ, ಹೇಳಬಲ್ಲವರು ಈಗ ಇಲ್ಲ. ಮುದಿಯಾಗಿತ್ತು, ಕುತ್ತಿಗೆಯ ಕೂದಲು ಉದ್ದ ಇಳಿದಿತ್ತು. ನನ್ನತ್ತ ಮುಖ ಮಾಡಿ ನಿಂತೇ ಇತ್ತು. ಕ್ಯಾಮೆರಾ ಮಡಿಲಲ್ಲಿ ಹಾಗೇ ಇತ್ತು, ನನಗೆ ನೆನಪಾಗಲಿಲ್ಲ. ನಾನು ಎಣಿಸುತ್ತಿದ್ದೆ. ಬಲಕ್ಕೆ ಮೂರು. ಎಡಕ್ಕೆ ಎರಡೇ, ಒಂದು ಕವಲು ಮುರಿದಿತ್ತು.

ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಚಾಚಾ ಕೂರುತ್ತಿದ್ದ ಜಾಗದಲ್ಲಿ ಬದುವಿನ ಮಣ್ಣಿಗೆ ಎಡಗಡೆ ಎರಡು ಸಲ, ಬಲಗಡೆ ಮೂರು ಸಲ ಬೆರಳು ಒತ್ತಿದೆ. ಮಣ್ಣು ತಣ್ಣಗಿತ್ತು.