ಸೊಪ್ಪಿನ ಮುನಿಯಮ್ಮನ ಮೇಲೆ ಇನ್ನೊಂದು ಕೋಟ್ ಬಣ್ಣ

ಚಮಚದಲ್ಲಿ ಕೆರೆದ ಹಾಗೆಲ್ಲ ಅಡಿಗಲ್ಲಿನ ಮೇಲಿನ ಬಣ್ಣ ಹಪ್ಪಳದಂತೆ ಎದ್ದು ಬರುತ್ತಿತ್ತು. ಪ್ರತಿ ಕ್ರಿಸ್‌ಮಸ್‌ಗೂ ಚರ್ಚಿನ ಗೋಡೆಯ ಜೊತೆ ಆ ಕಲ್ಲಿಗೂ ಬಣ್ಣ ಬಳಿದು ಅಕ್ಷರಗಳೇ ಮುಚ್ಚಿಹೋಗಿದ್ದವು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ, ಚರ್ಚು ಹೊರತರುವ ಸ್ಮರಣ ಸಂಚಿಕೆಗೆ ಅದರ ಚರಿತ್ರೆ ಬರೆಯುವ ಕೆಲಸ ಬಿದ್ದಿತ್ತು. ಬೆನ್ನ ಹಿಂದೆ ಸಭೆಯ ಹಿರಿಯರಾದ ಸತ್ಯದಾಸರೂ ಸುಂದರರಾಜರೂ ಉಸಿರು ಬಿಗಿಹಿಡಿದು ನಿಂತಿದ್ದರು. ಚರ್ಚಿಗೆ ಜಾಗ ದಾನ ಕೊಟ್ಟಿದ್ದು ತಮ್ಮ ತಾತ ಎಂದು ಇಬ್ಬರದೂ ವಾದ. ಆ ಜಗಳದಲ್ಲಿ ಅವರು ಒಂದೇ ಬೆಂಚಿನಲ್ಲಿ ಕೂರದೆ ವರ್ಷಗಳೇ ಆಗಿದ್ದವು.

ಕೊನೆಗೆ ಸಾಲು ಪೂರ್ತಿ ಕಾಣಿಸಿತು: 'ಈ ಜಾಗ ಕೊಟ್ಟವರು ರಾಜಘಟ್ಟದ ಸೊಪ್ಪಿನ ಮುನಿಯಮ್ಮ.'

"ಯಾರ್ರೀ ಇವಳು? ನಮ್ಮ ಸಭೆಯವಳೇ ಅಲ್ಲ!" ಎಂದು ಸತ್ಯದಾಸರು ಕೂಗಿದರು.

ಸುಂದರರಾಜರು ಮೆಲ್ಲಗೆ ಅವರ ಹೆಗಲ ಮೇಲೆ ಕೈಯಿಟ್ಟರು. "ಬಿಡಿ ಬ್ರದರ್, ಹೆಂಗಿದ್ರೂ ಕ್ರಿಸ್‌ಮಸ್ ಬರ್ತಾ ಇದೆ. ಬಣ್ಣ ಹೊಡೆಸೇ ಹೊಡೆಸ್ತೀವಲ್ಲ."

ಆ ಭಾನುವಾರ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪುಸ್ತಕ ಹಿಡಿದು ಹಾಡಿದರು.

ಈಗ ಸಂಚಿಕೆ ಬಂದಿದೆ. ಮೊದಲ ಪುಟದಲ್ಲೇ ಇಬ್ಬರು ತಾತಂದಿರ ಫೋಟೋಗಳೂ ಅಕ್ಕಪಕ್ಕ ಇವೆ. ನನ್ನ ಲೇಖನದಲ್ಲಿ 'ಜಾಗ ಕೊಟ್ಟವರ ಹೆಸರು ತಿಳಿದುಬಂದಿಲ್ಲ' ಎಂದು ಅಚ್ಚಾಗಿದೆ. ಅದನ್ನು ಅವರು ತಿದ್ದಿದ್ದಲ್ಲ, ನಾನೇ ಬರೆದುಕೊಟ್ಟಿದ್ದು. ಬಿಡುಗಡೆಯ ದಿನ ನನಗೆ ಶಾಲು ಹೊದಿಸಿದರು. ನಾನು ಬೇಡ ಅನ್ನಲಿಲ್ಲ.