ಬೆರಳು ಕಾಯುವ ಕನ್ಸೆಪ್ಟಾ

ತೆಂಗಿನ ತೋಟದ ಹಿಂದೆ ಬೆಳಕು ಹರಿಯುತ್ತಿದ್ದರೂ ಕಳಪುಮುಲ್ಲ ಊರಿನ ಕಡಲು ಇನ್ನೂ ಕಪ್ಪಗಿದೆ. ದಡಕ್ಕೆ ಎಳೆಯುವ ರಂಪಣಿ ಬಲೆಯ ಹಗ್ಗ ಹಿಡಿದ ಗಂಡಸರು ಕೂಗು ಹಾಕುತ್ತ ಮರಳಲ್ಲಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾರೆ. ಮಗುಚಿಟ್ಟ ದೋಣಿಯ ಮಗ್ಗುಲಲ್ಲಿ ಕನ್ಸೆಪ್ಟಾ ಫರ್ನಾಂಡೊ ಫ್ಲಾಸ್ಕಿನಿಂದ ಬಿಸಿನೀರನ್ನು ಚೊಂಬಿಗೆ ಬಗ್ಗಿಸುತ್ತಾರೆ. ಇಂದಿನ ಮೊದಲ ಗಿರಾಕಿ ಆನ್ಸೆಲ್ಮ್. ಮುಷ್ಟಿ ಬಿಚ್ಚಿದರೆ ನಾಲ್ಕು ಬೆರಳು ತೆರೆಯುತ್ತವೆ, ಉಂಗುರದ ಬೆರಳು ಮಡಚಿಕೊಂಡೇ ಇರುತ್ತದೆ. ಇನ್ನೊಂದು ಕೈಯಿಂದ ಎತ್ತಿದರೆ ಟಕ್ಕೆಂದು ನೆಟ್ಟಗಾಗುತ್ತದೆ.

"ರಾತ್ರಿ ಈ ದಬ್ಬೆ ಕಟ್ಕೊಂಡು ಮಲಗು. ಎರಡು ವಾರ ಹಗ್ಗ ಮುಟ್ಬೇಡ."

"ಎರಡು ವಾರ ಮನೇಲಿ ಕೂತ್ರೆ ಹೆಂಡ್ತಿ ನನ್ನೇ ಬಲೆಗೆ ಹಾಕಿ ಎಳೀತಾಳಕ್ಕ."

"ಹಾಗಾದ್ರೆ ಹಗ್ಗಕ್ಕೆ ದಪ್ಪ ಬಟ್ಟೆ ಸುತ್ತಿ ಹಿಡಿ. ಆಗಾಗ ಕೈ ಬಿಟ್ಟು ಸುಧಾರಿಸ್ಕೋ. ತಿಂಗಳಾದ್ರೂ ಹೀಗೇ ಸಿಕ್ಕಿಹಾಕ್ಕೊಂಡ್ರೆ ದೊಡ್ಡಾಸ್ಪತ್ರೆ, ಸೂಜಿ. ನಾನೇ ಕರ್ಕೊಂಡ್ ಹೋಗ್ತೀನಿ, ತಪ್ಪಿಸ್ಕೊಳೋಕೆ ಬಿಡಲ್ಲ."

ಸೂಜಿಯ ಮಾತು ಕಿವಿಗೆ ಬಿದ್ದಿದ್ದೇ ಹಗ್ಗ ಎಳೆಯುತ್ತಿದ್ದವರೆಲ್ಲ ನಗುತ್ತಾರೆ. ಆನ್ಸೆಲ್ಮ್ ಬೆರಳನ್ನು ಚೊಂಬಿನಲ್ಲಿ ಅದ್ದಿಕೊಂಡು ತಲೆ ತಗ್ಗಿಸುತ್ತಾನೆ. ಆಮೇಲೆ ಎಲ್ಲರ ಬಾಯಲ್ಲಿರುವ ಪ್ರಶ್ನೆಯನ್ನು ಅವನೇ ಕೇಳುತ್ತಾನೆ.

"ದುಲಂಜಲಿ ಇವತ್ತು ಆಡ್ತಾಳಾ?"

"ಸಂಜೆ ಬಂದು ನೋಡು."

ಐವತ್ತೇಳರ ಕನ್ಸೆಪ್ಟಾ ವೈದ್ಯರಲ್ಲ, ತಾವು ಹಾಗೆಂದು ಎಲ್ಲೂ ಹೇಳಿಕೊಂಡವರೂ ಅಲ್ಲ. ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಆಯಾ ಆಗಿ ಅರ್ಧ ಆಯುಷ್ಯ ಕಳೆದವರು. ಬ್ಯಾಂಡೇಜು ನೆನೆಸಿ ಕೊಡುವುದರಿಂದ ಶುರುವಾದ ಕೆಲಸ. ಕೈಗೆಲಸ ನೋಡಿ ಅಲ್ಲಿನ ಫಿಸಿಯೋಥೆರಪಿಸ್ಟ್ ತುಷಾರಿ ಮಿಸ್ ಒಂದೊಂದಾಗಿ ಕಲಿಸಿದರು. ಊರಿಗೆ ಬಂದ ಮೇಲೂ ಅನುಮಾನ ಬಂದರೆ ಕನ್ಸೆಪ್ಟಾ ಫೋನ್ ಮಾಡುವುದು ಅವರಿಗೇ. ಚೀಲದಲ್ಲಿ ಐಸ್‌ಕ್ರೀಮ್ ಕಡ್ಡಿ, ಮೊಸರಿನ ಪ್ಲಾಸ್ಟಿಕ್ ಚಮಚ, ಶಾಂಪೂ ಬಾಟಲಿಯಿಂದ ಕತ್ತರಿಸಿದ ಪಟ್ಟಿ, ಹಳೆ ಚಪ್ಪಲಿಯ ಸ್ಪಂಜು ಇರುತ್ತವೆ. ಊತಕ್ಕೆ ಇಡುವ ಮಂಜುಗಡ್ಡೆ ಮೀನಿನ ಲಾರಿಯಿಂದ ಬರುತ್ತದೆ. ದಿನಕ್ಕೆ ಎಂಟು ಹತ್ತು ಜನ. ಹೋಗುವಾಗ ಯಾರಾದರೂ ಬುಟ್ಟಿಗೆ ಒಂದೆರಡು ಮೀನು ಹಾಕುತ್ತಾರೆ, ಮರೆತವರನ್ನು ಅವರು ನೆನಪಿಟ್ಟುಕೊಳ್ಳುವುದಿಲ್ಲ.

ಬಲೆ ಎಳೆಯುವವರ ಊರು ಸಂಜೆಯಾದರೆ ವಾಲಿಬಾಲ್ ಆಡುವವರ ಊರು. ಹಾಗಾಗಿ ಬೆಳಗ್ಗೆ ಹಗ್ಗದ ಬೆರಳು, ಸಂಜೆ ಚೆಂಡಿನ ಬೆರಳು. ನಡುವೆ ಮರಳಿನಲ್ಲಿ ಓಡಿ ಓಡಿ ಮುಂಗಾಲು ನೋಯಿಸಿಕೊಂಡವರು.

ಈಸ್ಟರ್ ಕಪ್ ಹತ್ತಿರ ಬರುತ್ತಿದ್ದಂತೆ ಹೆಣ್ಣುಮಕ್ಕಳ ತಂಡಕ್ಕೆ ಎರಡು ಪೆಟ್ಟು ಬಿತ್ತು. ಚೆಂಡು ಎತ್ತಿಕೊಡುವ ದುಲಂಜಲಿಯ ಬಲಗೈ ನಡುಬೆರಳಿನ ತುದಿಗೆ ಚೆಂಡು ನೇರವಾಗಿ ಬಡಿಯಿತು. ತುದಿ ಜೋತುಬಿತ್ತು, ತಾನಾಗಿ ಏಳಲೇ ಇಲ್ಲ. ಎಕ್ಸ್‌ರೇಯಲ್ಲಿ ಎಲುಬು ಸರಿಯಿತ್ತು, ಹರಿದದ್ದು ಬೆರಳು ಎತ್ತುವ ಸ್ನಾಯುರಜ್ಜು. ಆರು ವಾರ ತುದಿಯ ಗೆಣ್ಣು ನೆಟ್ಟಗಿರಬೇಕು, ದಬ್ಬೆ ಬದಲಿಸುವಾಗಲೂ ಬೆರಳನ್ನು ಮೇಜಿಗೆ ಊರಿಯೇ ಇಟ್ಟಿರಬೇಕು. ಒಮ್ಮೆ ಬಗ್ಗಿದರೂ ಲೆಕ್ಕ ಮತ್ತೆ ಮೊದಲಿನಿಂದ. ಫೈನಲ್ ಬರುವುದು ಐದನೆಯ ವಾರದಲ್ಲಿ.

ಅದರ ಬೆನ್ನಿಗೇ ಇರೇಷಾ ಕುಂಟುತ್ತ ಬಂದಳು. ಬಲೆಯ ಮೇಲಿಂದ ಅವಳು ಬಡಿದ ಚೆಂಡನ್ನು ತಡೆಯುವವರು ಸುತ್ತಲ ಯಾವ ಊರಲ್ಲೂ ಇಲ್ಲ. ಕನ್ಸೆಪ್ಟಾ ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಅಂಚನ್ನು ಮೇಲಿಂದ ಕೆಳಗೆ ಒತ್ತುತ್ತ ಹೋದರು. ಉದ್ದಕ್ಕೂ ನೋವಿದ್ದರೆ ಓಟ ತಗ್ಗಿಸಿ, ಮಂಜುಗಡ್ಡೆ ಇಟ್ಟು, ಬೂಟು ಬದಲಿಸಿದರೆ ಸಾಕಾಗುತ್ತದೆ. ಇವಳು ಒಂದೇ ಒಂದು ಜಾಗದಲ್ಲಿ, ನಾಣ್ಯದಷ್ಟಗಲದಲ್ಲಿ, ಹಲ್ಲು ಕಚ್ಚಿದಳು.

"ಇದು ಬರೀ ಉಳುಕಲ್ಲ ಮಗಳೇ. ನಾಳೆ ಆಸ್ಪತ್ರೆಗೆ ಹೋಗೋಣ."

"ಏನಿಲ್ಲ ಅಕ್ಕ, ಬಿಗಿಯಾಗಿ ಒಂದು ಪಟ್ಟಿ ಕಟ್ಟಿಬಿಡು."

"ಕಟ್ಟಲ್ಲ. ಕಟ್ಟಿದ್ರೆ ನೀನು ಆಡ್ತೀಯ."

ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಕಪ್ ಮುಗಿಯುವ ತನಕ ಜಿಗಿಯುವಂತಿಲ್ಲ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಇರೇಷಾ ಕಿಟಕಿಗೆ ಮುಖ ಮಾಡಿ ಕೂತಳು. ಆಮೇಲೆ ಕನ್ಸೆಪ್ಟಾ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

ತರಬೇತುದಾರ ಲೈನಸ್ ಮನೆಗೇ ಬಂದರು. ಕಪ್ಪು ಚಹಾ ಕುಡಿದು, ಬೆಲ್ಲದ ತುಂಡು ಕಚ್ಚಿ, ಮೆಲ್ಲಗೆ ವಿಷಯ ತೆಗೆದರು.

"ಕನ್ಸೆಪ್ಟಾ, ಇರೇಷಾ ಇಲ್ಲ. ದುಲಂಜಲಿದಾದ್ರೂ ಒಂದು ಮ್ಯಾಚಿಗೆ ದಬ್ಬೆ ಬಿಚ್ಚು. ಒಂದೇ ಒಂದು."

ಕನ್ಸೆಪ್ಟಾ ತಮ್ಮ ಬಲಗೈ ಚಾಚಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇದೇ ತಂಡಕ್ಕೆ ಆಡುವಾಗ ಪೆಟ್ಟಾದ ಬೆರಳು, ಇಂದಿಗೂ ತುದಿ ಬಗ್ಗಿಸಿಕೊಂಡೇ ಇದೆ. "ಆವತ್ತು ನಂಗೂ ಒಂದೇ ಮ್ಯಾಚ್ ಅಂದಿದ್ರು ಅಣ್ಣ. ಗೆದ್ವಾ ಸೋತ್ವಾ, ಅದೂ ಮರ್ತೋಗಿದೆ."

ಲೈನಸ್ ಲೋಟ ಕೆಳಗಿಟ್ಟು ಎದ್ದರು. ಆದರೆ ಅವರು ಗೇಟು ದಾಟುವ ಮೊದಲೇ ಕನ್ಸೆಪ್ಟಾ ಕೂಗಿ ಕರೆದರು. "ಬಿಚ್ಚಲ್ಲ ಅಂದೆ. ಆಡಬಾರದು ಅಂದೆನಾ?"

ತುಷಾರಿ ಮಿಸ್‌ಗೆ ಫೋನ್ ಹೋಯಿತು. ಗೆಣ್ಣು ಬಗ್ಗದಂತಿದ್ದರೆ ಆಡಲಿ ಎಂದರು ಅವರು. ಕನ್ಸೆಪ್ಟಾ ಬೆರಳಿನ ಅಡಿಯಲ್ಲಿದ್ದ ದಬ್ಬೆಯನ್ನು ಉಗುರಿನ ಬದಿಗೆ ಬದಲಿಸಿದರು. ಹಾಗೆ ಮಾಡಿದರೆ ಬೆರಳಿನ ಮೆತ್ತೆ ಚೆಂಡಿಗೆ ತಾಗುತ್ತದೆ. ಮೇಲೆ ಸ್ಪಂಜು, ಪಕ್ಕದ ಬೆರಳಿಗೆ ಸೇರಿಸಿ ಟೇಪು. ದಿನಾ ಸಂಜೆ ದುಲಂಜಲಿ ತೆಂಗಿನ ಮರಕ್ಕೆ ಚೆಂಡು ಎತ್ತಿ ಎತ್ತಿ ಕೈ ಪಳಗಿಸಿಕೊಂಡಳು. ಮೊದಮೊದಲು ಚೆಂಡು ಕಡಲಿಗೆ ಹೋಗುತ್ತಿತ್ತು, ಹುಡುಗಿಯರು ಈಜಿ ತರುತ್ತಿದ್ದರು. ಆಮೇಲಾಮೇಲೆ ಎಡಗೈ ಭಾರ ಹೊರುವುದನ್ನು ಕಲಿಯಿತು.

ಇಂದು ಸಂಜೆ ಫೈನಲ್. ಚರ್ಚಿನ ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಎದುರಾಳಿ ಪೊಲ್ವತ್ತ, ಅಳಿವೆಯ ಆಚೆ ದಡದ ಊರು. ಆಟ ಶುರುವಾಗುವ ಮೊದಲೇ ರೆಫರಿ ದುಲಂಜಲಿಯ ಕೈ ಹಿಡಿದು ಮಗುಚಿ ನೋಡುತ್ತಾರೆ.

"ಇದೇನಮ್ಮ, ಒಳಗೆ ಗಟ್ಟಿ ವಸ್ತು ಇದೆ?"

ಕನ್ಸೆಪ್ಟಾ ಅಂಕಣದ ಗೆರೆಯವರೆಗೆ ಹೋಗುತ್ತಾರೆ. "ಸರ್, ನಿಮ್ಮ ಕೆನ್ನೆಗೇ ಒತ್ತಿ ನೋಡಿ. ಗಟ್ಟಿ ಅನ್ನಿಸಿದ್ರೆ ಬೇಡ ಅನ್ನಿ."

ರೆಫರಿ ಕೆನ್ನೆಗಲ್ಲ, ಮುಂಗೈಗೆ ಒತ್ತಿ ನೋಡುತ್ತಾರೆ. ಮತ್ತೊಮ್ಮೆ ಒತ್ತುತ್ತಾರೆ. ಸರಿ ಎಂದು ತಲೆಯಾಡಿಸುತ್ತಾರೆ. ಮೈದಾನ ಹೋ ಎನ್ನುತ್ತದೆ.

ಮೊದಲ ಸೆಟ್ ಕೈತಪ್ಪಿ ಹೋಗುತ್ತದೆ. ಎರಡನೆಯದು ಕೈಗೆ ಬರುತ್ತದೆ. ಇರೇಷಾ ಬೆಂಚಿನಲ್ಲಿ ಕಾಲು ಚಾಚಿ ಕೂತು ಎಲ್ಲರಿಗಿಂತ ಜೋರಾಗಿ ಅರಚುತ್ತಾಳೆ. "ಹಿಂದಿನ ಮೂಲೆ ಖಾಲಿ, ಅಲ್ಲಿಗೆ ಹೊಡಿ!" ಮೂರನೆಯ ಸೆಟ್ ಹೋಗುತ್ತದೆ, ನಾಲ್ಕನೆಯದು ಎಳೆದಾಡಿ ಎಳೆದಾಡಿ ಬರುತ್ತದೆ. ಐದನೆಯದರಲ್ಲಿ ಹದಿಮೂರು, ಹದಿಮೂರು. ಆನ್ಸೆಲ್ಮ್ ಜೊತೆಗಾರರ ಭುಜ ಏರಿ ನಿಂತಿದ್ದಾನೆ. ಪೊಲ್ವತ್ತದ ಹೊಡೆತ ಹೊರಗೆ ಬೀಳುತ್ತದೆ, ಹದಿನಾಲ್ಕು. ಮುಂದಿನ ಚೆಂಡು ದುಲಂಜಲಿಯ ತಲೆಯ ಮೇಲಕ್ಕೆ ಬರುತ್ತದೆ. ಎದುರಿನ ಮೂವರೂ ಅವಳು ಪಕ್ಕಕ್ಕೆ ಎತ್ತಿಕೊಡುತ್ತಾಳೆಂದು ಆ ಕಡೆ ಜಿಗಿಯುತ್ತಾರೆ. ಅವಳು ಎತ್ತಿಕೊಡುವುದಿಲ್ಲ. ಎಡಗೈಯಿಂದ ಚೆಂಡನ್ನು ಬಲೆಯಾಚೆ ಸುಮ್ಮನೆ ಜಾರಿಸಿಬಿಡುತ್ತಾಳೆ.

ಹದಿನೈದು. ಧೂಳು ಏಳುತ್ತದೆ. ಪಟಾಕಿ ಸಿಡಿಯುತ್ತದೆ. ಹುಡುಗಿಯರು ದುಲಂಜಲಿಯನ್ನು ಮೇಲಕ್ಕೆ ಎಸೆಯಲು ಹೊರಟರೆ, ಐವತ್ತೇಳರ ಹೆಂಗಸೊಬ್ಬರು ಚಪ್ಪಲಿ ಕಳಚಿ ಅವರ ನಡುವೆ ನುಗ್ಗುತ್ತಾರೆ. "ಕೈ ಬಿಡ್ರೇ! ಬೇಕಾದ್ರೆ ಕಾಲು ಹಿಡ್ಕೊಂಡು ಎತ್ತಿ, ಕೈ ಮುಟ್ಬೇಡಿ!"

ಗದ್ದಲ ಇಳಿದ ಮೇಲೆ ಅವರು ಅದೇ ಬೆಂಚಿನ ಮೇಲೆ ದುಲಂಜಲಿಯ ಬೆರಳನ್ನು ಹಲಗೆಗೆ ಊರಿಸಿ, ಬೆವರಿನಿಂದ ಒದ್ದೆಯಾದ ಟೇಪು ಬಿಡಿಸುತ್ತಾರೆ. ಪೊಲ್ವತ್ತದ ಹುಡುಗಿಯೊಬ್ಬಳು ಊದಿದ ಹೆಬ್ಬೆರಳು ಹಿಡಿದು ಸಂಕೋಚದಿಂದ ಹಿಂದೆ ನಿಂತಿದ್ದಾಳೆ. "ಬಾ, ಮಂಜುಗಡ್ಡೆ ಇದೆ, ಕೂತ್ಕೋ," ಎನ್ನುತ್ತಾರೆ ಕನ್ಸೆಪ್ಟಾ. ಇರೇಷಾ ಅವಳಿಗೆ ಜಾಗ ಬಿಟ್ಟು, ಸರಿಯುತ್ತ ಸರಿಯುತ್ತ ಕನ್ಸೆಪ್ಟಾರ ಹೆಗಲಿಗೇ ತಾಗಿ ಕೂರುತ್ತಾಳೆ.

"ಅಕ್ಕ, ಕೊನೇ ಚೆಂಡು ನೋಡಿದ್ಯಾ? ಹೆಂಗೆ ಜಾರಿಸಿದ್ಲು."

"ಇಲ್ಲ ಕಣೇ. ಎಡಗೈನಲ್ಲಿ ಜಾರಿಸಿದ್ಲಂತೆ, ಆನ್ಸೆಲ್ಮ್ ಹೇಳ್ದ." ಹೊಸ ದಬ್ಬೆಯ ಅಂಚನ್ನು ಉಗುರಿನಿಂದ ಸವರಿ ನೋಡುತ್ತ ಕನ್ಸೆಪ್ಟಾ ಹೇಳುತ್ತಾರೆ. "ನಾನು ಬಲಗೈ ನೋಡ್ತಿದ್ದೆ. ಬಗ್ಗಲಿಲ್ಲ."