ಮೇಲ್ಸೇತುವೆ ಕೆಳಗೆ ಮುನಿರತ್ನಮ್ಮ

"ಇಲ್ಲಿ ಮುನಿರತ್ನಮ್ಮ ಅಂದ್ರೆ ಯಾರು?" ಎಂದು ನಾನು ಕೇಳಿದ್ದಕ್ಕೆ, ತಮಿಳುನಾಡಿನ ಹೊಸೂರು ಮೇಲ್ಸೇತುವೆಯ ಕೆಳಗೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಗಾಬರಿಯಿಂದ ಎದ್ದು ನಿಂತರು. ಅದುವರೆಗೆ ಹುಡುಕಿಕೊಂಡು ಬಂದವರೆಲ್ಲ ಅವರನ್ನು ಅಲ್ಲಿಂದ ಎಬ್ಬಿಸಲೆಂದೇ ಬಂದವರು.

ನಾನು ಅಂಚೆಯವಳು, ನಿಮಗೆ ಸ್ಪೀಡ್ ಪೋಸ್ಟ್ ಬಂದಿದೆ ಎಂದು ಲಕೋಟೆ ತೋರಿಸಿದೆ. ಒಳಗಿದ್ದದ್ದು ಮತದಾರರ ಗುರುತಿನ ಚೀಟಿ. ಮನೆಯಿಲ್ಲದವರು ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಕೊಟ್ಟು ಹೆಸರು ಸೇರಿಸಬಹುದು. ಅವರೂ ಹಾಗೆಯೇ ಅರ್ಜಿ ಹಾಕಿದ್ದರಂತೆ. ತಮಿಳಿನಲ್ಲಿದ್ದ ವಿಳಾಸವನ್ನು ಕನ್ನಡದಲ್ಲಿ ಹೇಳಿದೆ: ಬಸ್ ನಿಲ್ದಾಣದ ಹತ್ತಿರ, ಮೇಲ್ಸೇತುವೆ ಕೆಳಗೆ. ಮುನಿರತ್ನಮ್ಮ ಅಕ್ಕಪಕ್ಕದ ಕಂಬಗಳ ಬಳಿ ಇರುವವರನ್ನೆಲ್ಲ ಕೂಗಿ ಕರೆದು, ಅವರಿಗೂ ಕೇಳಿಸುವಂತೆ ಇನ್ನೊಮ್ಮೆ ಓದಿಸಿದರು.

ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟವಳನ್ನು ಕೈ ಹಿಡಿದು ನಿಲ್ಲಿಸಿದರು. "ಮನೆ ಗಂಟ ಬಂದು ಹಂಗೇ ಹೋಗ್ಬುಡ್ತೀಯಾ ತಾಯಿ? ಕೂತ್ಕೊ, ಟೀ ಕುಡ್ಕೊಂಡು ಹೋಗೀಯಂತೆ" ಎಂದು ಚಾಪೆ ಹಾಸಿದರು. ಮೂರು ಕಲ್ಲಿನ ಒಲೆಯ ಮೇಲೆ ಟೀ ಕುದಿಯುವವರೆಗೂ ಆ ಚೀಟಿ ಎಲ್ಲರ ಕೈಯಲ್ಲೂ ಓಡಾಡಿತು. ಫೋಟೊದಲ್ಲಿ ಮುಖ ಸಿಂಡರಿಸಿಕೊಂಡಿದ್ದೀಯಾ ಎಂದು ಗೆಳತಿಯರು ನಕ್ಕರೆ, ಅವರು ಅದಕ್ಕೂ ಖುಷಿಪಟ್ಟರು.

ಸಂಕ್ರಾಂತಿಗೆ ನನ್ನ ಹೆಸರು ಹಾಕದೆ ನಾನೇ ಒಂದು ಶುಭಾಶಯದ ಕಾರ್ಡು ಬರೆದು ಅವರಿಗೆ ಅಂಚೆಯಲ್ಲಿ ಕಳಿಸಿದೆ. ಎರಡು ದಿನಕ್ಕೆ ಅದು ನನ್ನ ಚೀಲಕ್ಕೇ ಬಂತು. ಕೊಟ್ಟು ಓದಿ ಹೇಳಿದಾಗ ಅವರು ಪಕ್ಕದವರ ಕಡೆ ತಿರುಗಿ, "ನೋಡ್ದೇನೇ, ನನ್ ಅಡ್ರೆಸ್ಸು ಊರಿಗೆಲ್ಲ ಗೊತ್ತಾಗ್ಬುಟ್ಟದೆ" ಎಂದರು.